ಹಜರಾಬಿ ಅಳೆದ ಗಟಾರ

ಹಾಲಗುಂಡಗಿಯ ಬಾವಿ ಓಣಿಯಲ್ಲಿ ಮೂರು ಮಳೆಗಾಲದಿಂದ ಗಟಾರದ ನೀರು ಮುಂದಕ್ಕೆ ಹೋಗುತ್ತಿರಲಿಲ್ಲ. ದೊಡ್ಡದೊಂದು ಮಳೆ ಬಿದ್ದರೆ ಸಾಕು, ಕಪ್ಪು ನೀರು ಉಕ್ಕಿ ಅಂಗನವಾಡಿಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಟೀಚರ್ ವಿದ್ಯಾವತಿ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ಮಕ್ಕಳನ್ನು ಒಂದೊಂದಾಗಿ ಎತ್ತಿ ಒಳಗೆ ಇಳಿಸುತ್ತಿದ್ದಳು. ಓಣಿಯ ಅರ್ಧ ಮನೆಗಳಲ್ಲಿ ಜ್ವರ ಬಂದು ಹೋಗಿತ್ತು. ನಿವೃತ್ತ ಹೆಡ್‌ಮಾಸ್ತರ ಜಗದೇವಪ್ಪನವರು ತಮ್ಮ ದುಂಡು ಅಕ್ಷರದಲ್ಲಿ ಪಂಚಾಯಿತಿಗೆ ಐದು ಅರ್ಜಿ ಬರೆದಿದ್ದರು. ಓಣಿಯವರೆಲ್ಲ ಸಹಿ ಮಾಡಿದ್ದರು. ಸಹಿ ಬಾರದ ಹಜರಾಬಿ ಐದಕ್ಕೂ ಹೆಬ್ಬೆಟ್ಟು ಒತ್ತಿದ್ದಳು.

ಹಜರಾಬಿಗೆ ಐವತ್ತೆರಡು ವರ್ಷ. ಹದಿನಾರಕ್ಕೆ ಮದುವೆಯಾಗಿ ಬಂದ ಮರುವಾರವೇ ಗಂಡ ಇಸ್ಮಾಯಿಲನ ಹಿಂದೆ ಗೌಂಡಿ ಕೆಲಸಕ್ಕೆ ಹೊರಟವಳು. ಮೊದಲು ಸಿಮೆಂಟ್ ಬುಟ್ಟಿ ಹೊತ್ತಳು, ಆಮೇಲೆ ಲೆವೆಲ್ ಪೈಪಿನ ಇನ್ನೊಂದು ತುದಿ ಹಿಡಿದಳು. ಎಂಟು ವರ್ಷದ ಹಿಂದೆ ಇಸ್ಮಾಯಿಲ ತೀರಿಕೊಂಡ ಮೇಲೆ ಕರಣಿಯನ್ನೂ ತಾನೇ ಕೈಗೆತ್ತಿಕೊಂಡಳು. ಫರಸಿ ಕಲ್ಲು ಹಾಸುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ. ದಿನಾ ಎಂಟರ ಬಸ್ಸಿಗೆ ಅಫಜಲಪುರಕ್ಕೆ ಹೋಗಿ, ಕಟ್ಟುತ್ತಿರುವ ಮನೆಗಳಲ್ಲಿ ಕೆಲಸ ಮಾಡಿ ಸಂಜೆಗೆ ಬರುತ್ತಿದ್ದಳು. ಮಾತು ಕಡಿಮೆ. ವಾರ್ಡ್ ಸಭೆಗೆ ಹೋದರೂ ಬಾಗಿಲ ಬಳಿ ಕೂತು ಎದ್ದು ಬರುವವಳು.

ಆ ವರ್ಷ ಜುಲೈ ತಿಂಗಳ ವಾರ್ಡ್ ಸಭೆ ಶಾಲೆಯ ಪಡಸಾಲೆಯಲ್ಲಿ ಸೇರಿತು. ಹೊಸದಾಗಿ ಬಂದಿದ್ದ ಪಿಡಿಒ ಸುನಿತಾ ಮೇಡಂ ಪುಸ್ತಕ ಬಿಚ್ಚಿ ಕೂತಿದ್ದಳು. ವಾರ್ಡಿನ ಮೆಂಬರ್ ಶಿವರಾಯ ಎದ್ದು ನಿಂತು ಸಿಹಿ ಸುದ್ದಿ ಹೇಳುವವನಂತೆ ಹೇಳಿದ: "ಬಾವಿ ಓಣಿ ಗಟಾರ ಈ ಸಲ ಮುಗಿಸೇ ಬಿಡ್ತೀವ್ರಿ. ಅಂಗನವಾಡಿ ಬಾಜೂಕ ಒಡದು, ಎಡಕ್ಕ ಹೊಸಾ ಗಟಾರ ತಗದು, ಕೆಳಗಿನ ಓಣಿ ಮ್ಯಾಲಿಂದ ಹಳ್ಳಕ್ಕ ಬಿಡೋದು. ಎಲ್ಲಾರೂ ಕೈ ಎತ್ತಿದ್ರ ಇವತ್ತೇ ಠರಾವು ಆಗ್ತದ."

ಬಾವಿ ಓಣಿಯವರ ಕೈಗಳು ಮೇಲೆದ್ದವು. ಜಗದೇವಪ್ಪನವರ ಕೈ ಎಲ್ಲರಿಗಿಂತ ಮೊದಲು ಎದ್ದಿತ್ತು.

ಹಿಂದಿನ ಸಾಲಿನಿಂದ ಧಮ್ಮಪಾಲ ಎದ್ದ. ಕೆಳಗಿನ ಓಣಿಯವನು, ಮನೆಗಳಿಗೆ ವೈರಿಂಗ್ ಮಾಡುವವನು. "ನಿಮ್ಮ ಮನಿ ಮುಂದಿನ ಹೊಲಸ ನಮ್ಮ ಮನಿ ಮುಂದ ಬಿಡ್ತೀರೇನ್ರಿ? ನಮ್ಮಲ್ಲಿ ಮಕ್ಕಳಿಲ್ಲೇನು? ನಮಗ ಜ್ವರ ಬರಂಗಿಲ್ಲೇನು?"

"ಗಟಾರ ಅಂದಮ್ಯಾಲ ಎಲ್ಲಿಂದರೆ ಹೋಗಬೇಕಲ್ಲಪ್ಪಾ," ಎಂದ ಶಿವರಾಯ.

"ಹೋಗಬೇಕು. ಯಾವಾಗ್ಲೂ ನಮ್ಮ ಮ್ಯಾಲಿಂದನೇ ಯಾಕ ಹೋಗಬೇಕು?"

ಗದ್ದಲವಾಯಿತು. ಎರಡೂ ಓಣಿಯವರು ಎದ್ದು ನಿಂತರು. ಕೆಳಗಿನ ಓಣಿಯ ಹೆಂಗಸೊಬ್ಬಳು ಅಳುವ ಸ್ವರದಲ್ಲಿ ಕೂಗುತ್ತಿದ್ದಳು. ಹಜರಾಬಿ ಎತ್ತಿದ್ದ ಕೈಯನ್ನು ಮೆಲ್ಲಗೆ ಇಳಿಸಿದಳು. ಹೊಸ ಗಟಾರ ಎಲ್ಲಿಗೆ ಹೋಗುತ್ತದೆ ಎಂದು ಕೈ ಎತ್ತುವಾಗ ತಾನು ಯೋಚಿಸಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಎದ್ದಳು.

"ಮೇಡಮ್ಮಾರ, ಒಂದು ಮಾತ ಕೇಳ್ಲೇನ್ರಿ?"

ಹಜರಾಬಿ ಮಾತಾಡುತ್ತಿದ್ದಾಳೆ ಎಂಬುದೇ ಆಶ್ಚರ್ಯವಾಗಿ ಜನ ಸುಮ್ಮನಾದರು.

"ಹಳೇ ಗಟಾರ ಶಾಲಿ ಹಿಂದಿನಿಂದ ಹಳ್ಳಕ್ಕ ಹೋಗ್ತದ. ಹದಿನೈದು ವರ್ಷ ನೀರ ಬರೋಬ್ಬರಿ ಹರದದ. ಈಗ ಯಾಕ ನಿಂತದ? ಯಾರರೆ ಅಳದು ನೋಡ್ಯಾರೇನ್ರಿ?"

"ನೀ ಅಳೀತೀಯೇನು?" ಎಂದು ಯಾರೋ ನಕ್ಕರು.

"ಅಳೀತೇನ್ರಿ. ಹದಿನೈದು ದಿನ ಕೊಡ್ರಿ."

ಸುನಿತಾ ಮೇಡಂ ಶಿವರಾಯನ ಕಡೆ ನೋಡಲಿಲ್ಲ. ಪುಸ್ತಕದಲ್ಲಿ ಬರೆದುಕೊಳ್ಳುತ್ತಲೇ ಹೇಳಿದಳು: "ಓಣಿಯವರು ಗಟಾರದ ಲೆವೆಲ್ ಅಳೆದು ತೋರಿಸೋತನಕ ಠರಾವು ಮುಂದ ಹಾಕೇದ. ಹದಿನೈದು ದಿನಕ್ಕ ಇಲ್ಲೇ ಮತ್ತ ಸಭಾ."

ಮರುದಿನ ಹಜರಾಬಿ ಎಂಟರ ಬಸ್ಸಿಗೆ ಹೋಗಲಿಲ್ಲ. ಅಟ್ಟದಿಂದ ಲೆವೆಲ್ ಪೈಪು ಇಳಿಸಿದಳು. ಬೆರಳು ದಪ್ಪದ, ಆಚೆಯಿಂದ ಈಚೆ ಕಾಣುವ, ನಲವತ್ತು ಅಡಿಯ ಪೈಪು. ಅದರಲ್ಲಿ ನೀರು ತುಂಬಿ ಎರಡು ತುದಿಯನ್ನು ಎರಡು ಕಡೆ ಎತ್ತಿ ಹಿಡಿದರೆ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಗಟಾರದ ತಳಕ್ಕೆ ಎಷ್ಟು ಆಳ ಎಂದು ಕೋಲಿನಿಂದ ಅಳೆಯಬೇಕು. ಹಳ್ಳದ ಕಡೆ ಹೋದಂತೆ ಆಳ ಹೆಚ್ಚುತ್ತಿದ್ದರೆ ನೀರು ಹರಿಯುತ್ತದೆ. ಎಲ್ಲಿ ಕಡಿಮೆಯಾಗುತ್ತದೋ ಅಲ್ಲಿ ನಿಲ್ಲುತ್ತದೆ.

ಅಂಗನವಾಡಿ ಮುಗಿಸಿ ವಿದ್ಯಾವತಿ ಬಂದಳು. "ಹಜರಕ್ಕಾ, ನಾ ಏನ ಮಾಡ್ಲಿ?"

"ನೀ ಬರಕೋ. ನಂಗ ಬರಿಯಾಕ ಬರಂಗಿಲ್ಲ, ಅಳಿಯಾಕ ಬರ್ತದ. ಇಬ್ಬರೂ ಕೂಡಿದ್ರ ಒಬ್ಬ ಇಂಜಿನಿಯರ ಆಗ್ತೀವಿ."

ಎರಡನೆಯ ದಿನ ಪೈಪಿನ ಇನ್ನೊಂದು ತುದಿ ಹಿಡಿಯಲು ಧಮ್ಮಪಾಲ ಬಂದ. ಸಹಾಯಕ್ಕೆ ಬಂದೆ ಎಂದು ಅವನು ಹೇಳಲಿಲ್ಲ. "ಅಳತಿ ಖರೆ ಆಗ್ತದೋ ಇಲ್ಲೋ ನೋಡಾಕ ಬಂದೇನ್ರಿ," ಎಂದ.

"ನೋಡಪಾ. ಸುಮ್ಮನ ನಿಂತು ನೋಡೋ ಬದ್ಲಿ ಹಿಡದು ನೋಡು," ಎಂದು ಹಜರಾಬಿ ತುದಿಯನ್ನು ಅವನ ಕೈಗೆ ಕೊಟ್ಟಳು.

ನಾಲ್ಕು ದಿನ ಅಳೆದರು. ಜನ ಗಟಾರದ ಮೇಲೆ ಹಾಸಿದ್ದ ಫರಸಿಗಳನ್ನು ಸಲಾಕೆ ಹಾಕಿ ಎತ್ತಿ, ತಳ ಕೆರೆದು, ಕೋಲು ಇಳಿಸಿದರು. ಗೋಡೆಗಳ ಮೇಲೆ ನೀಲಿ ಸುಣ್ಣದಕಡ್ಡಿಯಿಂದ ಗೆರೆ ಎಳೆದರು. ಮೊದಮೊದಲು ಬಾಗಿಲಲ್ಲಿ ನಿಂತು ನಗುತ್ತಿದ್ದವರು ಮೂರನೆಯ ದಿನ ಚಹಾ ತಂದುಕೊಟ್ಟರು. ಹಳೆಯ ಗಟಾರದ ಇಳಿಜಾರಿನಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ನಾಲ್ಕು ಕಡೆ ಮಾತ್ರ. ಅಲ್ಲಿ ಜನ ಗಟಾರದೊಳಗೆ ಬುನಾದಿ ಇಳಿಸಿ ಮೆಟ್ಟಿಲು, ಕಟ್ಟೆ ಕಟ್ಟಿಕೊಂಡಿದ್ದರು.

ಆ ನಾಲ್ಕರಲ್ಲಿ ಮೊದಲನೆಯದು ಹಜರಾಬಿಯ ಮನೆಯ ಮೆಟ್ಟಿಲೇ.

ಕೋಲು ಇಳಿಸಿ ನೋಡಿದವಳು ಇನ್ನೊಮ್ಮೆ ಇಳಿಸಿದಳು. ಬುನಾದಿ ಗಟಾರದ ತಳದಿಂದ ಮೂರು ಬೆರಳು ಮೇಲಿತ್ತು. ಮೂರು ಸುಂದರವಾದ ಮೆಟ್ಟಿಲುಗಳು, ಅಂಚಿಗೆ ಗುಂಡಗೆ ಉಜ್ಜಿದ ಶಹಾಬಾದ ಫರಸಿ. ಇಸ್ಮಾಯಿಲ ತೀರಿಕೊಳ್ಳುವ ಹಿಂದಿನ ವರ್ಷ ರಮಜಾನಿನಲ್ಲಿ ಉಪವಾಸವಿದ್ದುಕೊಂಡೇ ಕಟ್ಟಿದ್ದ. ಅಂಚು ಉಜ್ಜುವುದಕ್ಕೇ ಎರಡು ದಿನ ಹಿಡಿದಿತ್ತು.

"ಇದು ಜರಾ ಅದ ಬಿಡ್ರಿ," ಎಂದ ಧಮ್ಮಪಾಲ, ಅವಳ ಮುಖ ನೋಡಿ. "ದೊಡ್ಡದು ಮುಂದ ಇರಬಹುದು."

ಹಜರಾಬಿ ಒಳಗೆ ಹೋಗಿ ಸುತ್ತಿಗೆ, ಚಾಣ ತಂದಳು. ಫರಸಿ ಒಡೆಯದಂತೆ ಅಂಚಿನಿಂದ ಬಿಡಿಸಿ ಗೋಡೆಗೆ ಆನಿಸಿಟ್ಟಳು. ಆಮೇಲೆ ಕಾಂಕ್ರೀಟಿಗೆ ಏಟು ಹಾಕಿದಳು. ಮೊದಲ ಐದಾರು ಏಟಿಗೆ ಅದು ಜಗ್ಗಲಿಲ್ಲ.

"ಇಸ್ಮಾಯಿಲ ಚಾಚಾ ಭಾಳ ಗಟ್ಟಿ ಕಟ್ಯಾರ," ಎಂದಳು ವಿದ್ಯಾವತಿ, ಏನಾದರೂ ಹೇಳಬೇಕೆಂದು.

"ಹೌದು ಬೇ. ಅವರ ಕೆಲಸ ಯಾವತ್ತೂ ಗಟ್ಟಿನೇ," ಎಂದಳು ಹಜರಾಬಿ. ಕಣ್ಣು ಒರೆಸಿಕೊಂಡು ಮತ್ತೆ ಸುತ್ತಿಗೆ ಎತ್ತಿದಳು. ಸಂಜೆಯ ಹೊತ್ತಿಗೆ ಮೆಟ್ಟಿಲು ಇರಲಿಲ್ಲ. ಮನೆಯೊಳಗೆ ಹೋಗಲು ಒಂದು ಕಲ್ಲು ಇಟ್ಟುಕೊಂಡಳು. ಅದನ್ನು ನೋಡಿದ ಮೇಲೆ ಎರಡನೆಯ, ಮೂರನೆಯ ಮನೆಯವರು ತಕರಾರು ಮಾಡಲಿಲ್ಲ.

ನಾಲ್ಕನೆಯದೇ ದೊಡ್ಡದು. ಅದು ಜಗದೇವಪ್ಪನವರ ಮನೆಯ ಕಟ್ಟೆ. ಅವರು ನಿವೃತ್ತರಾದ ಮೇಲೆ, ಮೂರು ಮಳೆಗಾಲದ ಹಿಂದೆ ಕಟ್ಟಿಸಿದ್ದು. ಸಂಜೆ ಅಲ್ಲಿ ಕೂತು ಪೇಪರ್ ಓದಿ ಓಣಿಗೆಲ್ಲ ಸುದ್ದಿ ಹೇಳುತ್ತಿದ್ದರು. ಐದೂ ಅರ್ಜಿ ಬರೆದದ್ದು ಅಲ್ಲಿಯೇ. ಸಲಾಕೆ ಹಾಕಿ ನೋಡಿದರೆ, ಕಟ್ಟೆಯ ಬುನಾದಿ ಗಟಾರದ ತಳದಿಂದ ಒಂದು ಗೇಣು ಮೇಲೆದ್ದು ಅಡ್ಡ ನಿಂತಿತ್ತು.

"ಸಭಾದಾಗ ಹೇಳೂಣು," ಎಂದ ಧಮ್ಮಪಾಲ. ಅವನ ಸ್ವರದಲ್ಲಿ ಸ್ವಲ್ಪ ಖುಷಿಯಿತ್ತು.

"ಮೊದಲ ಅವರಿಗೆ ಹೇಳಬೇಕು. ನಾಕು ಮಂದಿ ಮುಂದ ಕೇಳಿದ್ರ ಯಾರಿಗಾದ್ರೂ ಸಿಟ್ಟ ಬರ್ತದ," ಎಂದು ಹಜರಾಬಿ ಒಬ್ಬಳೇ ಹೋದಳು.

ಜಗದೇವಪ್ಪನವರು ಕೇಳಿ ಕೆಂಪಾದರು. "ಅರ್ಜಿ ಬರದಾಂವ ನಾನು! ನಂದೇ ತಪ್ಪ ಅಂತೀಯೇನು?"

"ಅರ್ಜಿ ಬರೆದಿದ್ದು ಖರೆ ಅದರಿ, ಗುರುಗಳೇ. ನೀರ ನಿಂತಿದ್ದೂ ಖರೆ ಅದ. ತಪ್ಪ ಅಂತ ನಾ ಅನ್ನಂಗಿಲ್ಲ. ಕಟ್ಟೋವಾಗ ಗೌಂಡಿ ನೋಡಬೇಕಿತ್ತು. ನೀವು ಬಂದು ಒಮ್ಮಿ ನೋಡ್ರಿ."

"ನಾ ಏನೂ ನೋಡಂಗಿಲ್ಲ. ಹೋಗು."

ಹಜರಾಬಿ ತಿರುಗಿ ಮನೆಗೆ ಬಂದಳು. ಆ ವಾರವಿಡೀ ಜಗದೇವಪ್ಪನವರು ಕಟ್ಟೆಯ ಮೇಲೆ ಕೂರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಇದ್ದರು.

ಹದಿನೈದನೆಯ ದಿನ ಸಭೆ ಸೇರಿದಾಗ ಪಡಸಾಲೆ ಹಿಡಿಸದಷ್ಟು ಜನ ಬಂದಿದ್ದರು. ಕೆಳಗಿನ ಓಣಿಯ ಹೆಂಗಸರೆಲ್ಲ ಮುಂದೆಯೇ ಕೂತಿದ್ದರು. ವಿದ್ಯಾವತಿ ಅಂಗನವಾಡಿಯ ದೊಡ್ಡ ಚಾರ್ಟಿನ ಹಿಂಬದಿಯಲ್ಲಿ ಇಡೀ ಗಟಾರವನ್ನು ಚಿತ್ರವಾಗಿ ಬರೆದು ತಂದಿದ್ದಳು. ಹಜರಾಬಿ ಅದರ ಪಕ್ಕ ನಿಂತು ಬೆರಳಿಟ್ಟು ತೋರಿಸಿದಳು.

"ನಾಕು ಕಡೆ ತಡದದರಿ. ಮೊದಲನೇದು ನಮ್ಮ ಮನಿ ಮೆಟ್ಲ. ಅದನ್ನ ಒಡದೇನಿ. ಎರಡನೇದು, ಮೂರನೇದು ಆ ಮನಿಯವರು ತಾವೇ ಒಡದಾರ. ನಾಕನೇದು..." ಅವಳು ಚಾರ್ಟಿನಿಂದ ಬೆರಳು ತೆಗೆದಳು. "ನಾಕನೇದು ಆ ಮನಿಯವರಿಗೆ ಹೇಳೇನಿ. ಅವರ ಮ್ಯಾಲ ಬಿಟ್ಟೇನ್ರಿ."

ಯಾರೂ ಹೆಸರು ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಜಗದೇವಪ್ಪನವರು ಎದ್ದು ಬಂದು ಚಾರ್ಟಿನ ಮುಂದೆ ನಿಂತರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕಿಸೆಯಿಂದ ಪೆನ್ನು ತೆಗೆದು, ವಿದ್ಯಾವತಿ 'ಘಟಾರ' ಎಂದು ಬರೆದಿದ್ದನ್ನು 'ಗಟಾರ' ಎಂದು ತಿದ್ದಿದರು. ಅವಳು ಅವರದೇ ವಿದ್ಯಾರ್ಥಿನಿ. ತುಟಿ ಕಚ್ಚಿಕೊಂಡಳು.

"ಪೈಪ ಎಲ್ಲದ?" ಎಂದರು ಜಗದೇವಪ್ಪನವರು. "ನಾ ನೋಡಬೇಕು."

ಇಡೀ ಸಭೆಯೇ ಎದ್ದು ಓಣಿಗೆ ನಡೆಯಿತು. ಸುನಿತಾ ಮೇಡಂ ಪುಸ್ತಕ ಹಿಡಿದು ಹಿಂದೆ ಬಂದಳು. ಅಂಗನವಾಡಿಯ ಬಳಿ ಧಮ್ಮಪಾಲ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಜಗದೇವಪ್ಪನವರು ತಮ್ಮ ಕಟ್ಟೆಯ ಬಳಿ ಹಿಡಿದರು. ಪೈಪಿನಲ್ಲಿ ನೀರು ಮೇಲೆ ಕೆಳಗೆ ಆಡಿ, ನಿಧಾನವಾಗಿ ನಿಂತಿತು. ಹಜರಾಬಿ ಎರಡೂ ಕಡೆ ಗೆರೆ ಎಳೆದು ಕೋಲನ್ನು ಅವರ ಕೈಗೇ ಕೊಟ್ಟಳು. ಅವರು ಬಗ್ಗಿ, ಧೋತರ ಕೆಸರಾಗುವುದನ್ನೂ ನೋಡದೆ, ಮೊದಲು ಅಲ್ಲಿ ಅಳೆದರು, ಆಮೇಲೆ ಇಲ್ಲಿ. ಇಲ್ಲಿನ ಆಳ ಒಂದು ಗೇಣು ಕಡಿಮೆ ಬಂತು. ಇನ್ನೊಮ್ಮೆ ಅಳೆದರು. ಅಷ್ಟೇ ಬಂತು.

ಅವರು ನೆಟ್ಟಗೆ ನಿಂತು ಕೆಳಗಿನ ಓಣಿಯವರ ಕಡೆ ತಿರುಗಿದರು. ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದ ಗಟ್ಟಿ ದನಿ ಈಗ ಸಣ್ಣದಾಗಿತ್ತು.

"ಐದು ಅರ್ಜಿ ಬರದೆ. ಒಮ್ಮಿನೂ ಬಗ್ಗಿ ನೋಡ್ಲಿಲ್ಲ. ನನ್ನ ಕಟ್ಟೀನೇ ಅಡ್ಡ ಇಟ್ಕೊಂಡು ನಿಮ್ಮ ಮನಿ ಮುಂದ ಗಟಾರ ಬಿಡಾಕ ಕೈ ಎತ್ತಿದ್ನಲ್ಲ. ಧಮ್ಮಪಾಲ, ನೀ ಅವತ್ತ ಕೇಳಿದ್ದು ಬರೋಬ್ಬರಿ ಇತ್ತು."

"ನಿಮಗ ಗೊತ್ತಿರಲಿಲ್ಲಲ್ರಿ, ಸರ್," ಎಂದ ಧಮ್ಮಪಾಲ.

"ಹಜರಾಬಿ, ಎಷ್ಟು ಒಡೀಬೇಕು?"

"ಕಟ್ಟಿ ಪೂರಾ ಹೋಗ್ತದರಿ," ಎಂದಳು ಅವಳು. ಸುಳ್ಳು ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ.

"ಹೋಗ್ಲಿ. ಮೇಡಂ, ಬರಕೋರಿ. ಹೊಸಾ ಗಟಾರ ಬ್ಯಾಡ. ಹಳೇದನ್ನೇ ಸರಿ ಮಾಡೋದು. ಸೂಚಿಸಿದವರು ಹಜರಾಬಿ, ಅನುಮೋದಿಸಿದವರು ಜಗದೇವಪ್ಪ."

ಬೀದಿಯಲ್ಲೇ ಕೈಗಳು ಎದ್ದವು. ಈ ಸಲ ಎರಡೂ ಓಣಿಯವು. ಶಿವರಾಯನೂ ಎತ್ತಿದ.

ಉದ್ಯೋಗ ಖಾತ್ರಿ ಕೆಲಸದಲ್ಲಿ ಗಟಾರದ ಹೂಳು ತೆಗೆಯಲು ಎರಡೂ ಓಣಿಯವರು ಹೆಸರು ಬರೆಸಿದರು. ಹಜರಾಬಿ ಹತ್ತು ಹೆಜ್ಜೆಗೊಮ್ಮೆ ಪೈಪು ಹಿಡಿದು ತಳ ನೋಡಿದಳು. ಅವಳಿಗೆ ಒಪ್ಪಿಗೆಯಾಗದ ಕಡೆ ಎರಡೆರಡು ಸಲ ಕಿತ್ತು ಮಾಡಿಸಿದಳು. ಸುನಿತಾ ಮೇಡಂ ತಾನೂ ಬಂದು ಪೈಪು ಹಿಡಿಯಲು ಕಲಿತಳು. ಜಗದೇವಪ್ಪನವರು ಮಧ್ಯಾಹ್ನ ಕೆಲಸದವರಿಗೆಲ್ಲ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿ ತಂದು, ಮಣ್ಣಿನ ಗುಡ್ಡೆಯ ಮೇಲೆ ಎಲ್ಲರ ಜೊತೆ ಕೂತು ಉಂಡರು.

ಆಗಸ್ಟ್ ಕೊನೆಯಲ್ಲಿ ಒಂದು ಮಧ್ಯಾಹ್ನ ಭಾರಿ ಮಳೆ ಸುರಿಯಿತು. ಓಣಿಯ ಜನ ಬಾಗಿಲುಗಳಲ್ಲಿ ನಿಂತು ನೋಡಿದರು. ಕೆಂಪು ನೀರು ಕಸಕಡ್ಡಿ ಎಳೆದುಕೊಂಡು ಗಟಾರದಲ್ಲಿ ಸರಸರನೆ ಓಡಿತು. ಅಂಗನವಾಡಿ ದಾಟಿತು, ಕಟ್ಟೆ ಇದ್ದ ಜಾಗ ದಾಟಿತು, ಶಾಲೆಯ ಹಿಂದೆ ತಿರುಗಿ ಹಳ್ಳಕ್ಕೆ ಬಿತ್ತು. ವಿದ್ಯಾವತಿ ಒಣಗಿದ ಹೊಸ್ತಿಲಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಳೆ ತೋರಿಸಿದಳು.

ಮುಂದಿನ ವಾರ್ಡ್ ಸಭೆ ಜನವರಿಯಲ್ಲಿ ಸೇರಿತು. ಹಜರಾಬಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಮೊದಲ ವಿಷಯ ಏನೆಂದು ಸುನಿತಾ ಮೇಡಂ ಕೇಳುವುದೇ ತಡ, ಎದ್ದು ನಿಂತಳು.

"ಕೆಳಗಿನ ಓಣಿಗೆ ಗಟಾರನೇ ಇಲ್ರಿ. ನಮ್ಮ ಗಟಾರ ಅವರ ಮ್ಯಾಲ ಬಿಡೋದರ ಬಗ್ಗೆ ಅಷ್ಟು ಮಾತಾಡಿದ್ವಿ, ಅವರಿಗೆ ಒಂದು ಬೇಕಲ್ಲ ಅಂತ ಒಬ್ಬರೂ ಅನ್ಲಿಲ್ಲ. ನಾನೂ ಅನ್ಲಿಲ್ಲ. ಹೋದ ವಾರ ಧಮ್ಮಪಾಲ, ನಾನು ಕೂಡಿ ಅಳದೀವಿ. ಇಳಿಜಾರ ಚಲೋ ಅದ."

ಬಾವಿ ಓಣಿಯ ಕೈಗಳೆಲ್ಲ ಎದ್ದವು. ಸುನಿತಾ ಮೇಡಂ ಎಣಿಸಲು ನಿಂತಳು.