ಕುಂಕುಮ ಕಾಣದ ಮಂಡಿಪಟ್ಟಿ

ನಾನೊಂದು ಮಂಡಿಪಟ್ಟಿ. ರಬ್ಬರ್ ಎಳೆಗೆ ಹತ್ತಿನೂಲು ಹೆಣೆದು ನನ್ನನ್ನು ಮಾಡಿದರು. ಚಿತ್ರದುರ್ಗದ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ತಿಪ್ಪೇಸ್ವಾಮಿ ನನ್ನನ್ನು ಬಲಮಂಡಿಗೆ ಏರಿಸಿಕೊಂಡು ಎರಡು ಸಲ ಕೂತೆದ್ದು ನೋಡಿದ. ಅಂದಿನಿಂದ ನಾನು ಅವನ ಸೊತ್ತು.

ಅವನ ಕಸುಬು ಬ್ಯಾಸ್ಕೆಟ್‌ಬಾಲ್. ಹೆಸರಾಂತ ಆಟಗಾರನಲ್ಲ, ಯಾರಾದರೂ ಬಿದ್ದರೆ ಆ ಜಾಗ ತುಂಬುವವನು. ವರ್ಷದ ಕರಾರು ಮುಗಿದರೆ ಚೀಲ ಹೆಗಲಿಗೆ, ಮುಂದಿನ ಊರಿಗೆ. ಸಕ್ಕರೆ ಕಾರ್ಖಾನೆ, ಬ್ಯಾಂಕು, ಬಸ್ಸಿನವರು ಅಂತ ಹನ್ನೊಂದು ವರ್ಷಕ್ಕೆ ಏಳು ತಂಡ. ಬನಿಯನ್ನಿನ ಬಣ್ಣ ಬದಲಾಯಿತು, ನಾನು ಬದಲಾಗಲಿಲ್ಲ.

ಅವನ ಮಂಡಿಯೊಳಗೆ ಏನೋ ಹರಿದಿತ್ತು. ಬಲ್ಲವರು ನಾವಿಬ್ಬರೇ. ಮ್ಯಾನೇಜರು, "ಏನಯ್ಯಾ, ಕುಂಟ್ತಿದೀಯಾ?" ಎಂದರೆ, "ಬೂಟು ಹೊಸದು ಸಾರ್" ಎನ್ನುತ್ತಿದ್ದ. ಜೊತೆಯವರು, "ನಿನ್ ಬೂಟು ಯಾವಾಗಪ್ಪಾ ಹಳೇದಾಗೋದು?" ಎಂದು ನಗುತ್ತಿದ್ದರು. ನಾನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ.

ಇಷ್ಟಾದರೂ ಆಯುಧಪೂಜೆಯ ದಿನ ಚೆಂಡಿಗೆ ಕುಂಕುಮ, ಸೇವಂತಿಗೆ. ನಾನು ಮಾತ್ರ ಬಾಗಿಲಾಚೆ, ಬೂಟುಗಳ ಪಕ್ಕ. ಕಾಲಿಗೆ ಹಾಕಿದ್ದನ್ನು ದೇವರ ಮಣೆಯ ಮೇಲೆ ಇಡಬಾರದಂತೆ. ಶನಿವಾರ ಸಂಜೆ ಗುಡಿಯಲ್ಲಿ ಅವನು ಯುದ್ಧಕಾವ್ಯದ ಗಮಕ ಕೇಳಲು ಕೂರುವಾಗ ಪಂಚೆಯೊಳಗಿನಿಂದ ನಾನೂ ಕೇಳಿದ್ದೇನೆ. ಬಾಣವನ್ನು ಹೊಗಳುತ್ತಾರೆ, ಶಂಖವನ್ನು ಹೊಗಳುತ್ತಾರೆ. ರಥದ ಗಾಲಿ ಕಳಚದಂತೆ ಹಿಡಿಯುವ ಕಡಾಣಿಯನ್ನು ಯಾರು ಹೊಗಳಿದರು?

ಕಡೆಗೊಂದು ದಿನ ಎಗರಿ ಬಿದ್ದವನು ಎದ್ದು ನಿಲ್ಲಲಿಲ್ಲ. ಆಟ ಅಲ್ಲಿಗೆ ಮುಗಿಯಿತು. ದಾವಣಗೆರೆಯ ಹೆಣ್ಣುಮಕ್ಕಳ ತಂಡಕ್ಕೆ ಕೋಚ್ ಆದ. ಕೊರಳಿಗೊಂದು ಸೀಟಿ ಬಂತು.

ಆ ಸೀಟಿ! ನಿನ್ನೆ ಮೊನ್ನೆ ಬಂದದ್ದು ಎದೆಯ ಮೇಲೆ ಆಡುತ್ತದೆ, ತುಟಿಗೆ ಏರುತ್ತದೆ. ಅದು ಕೂಗಿದರೆ ಹನ್ನೆರಡು ಹುಡುಗಿಯರು ನಿಲ್ಲುತ್ತಾರೆ. ಹನ್ನೊಂದು ವರ್ಷ ಅವನ ನೋವಿಗೆ ಒತ್ತಿಕೊಂಡಿದ್ದ ನಾನು ಚೀಲದ ತಳದಲ್ಲಿ. ಆಯುಧಪೂಜೆಗೆ ಅದಕ್ಕೂ ಕುಂಕುಮ! ನನ್ನ ಹೊಟ್ಟೆ ಉರಿಯಿತು. ಯಾರದಾದರೂ ಮಂಡಿ ನೋಯಲಿ ಎಂದು ಬೇಡಿಕೊಂಡೆ. ಸುಳ್ಳೇಕೆ ಹೇಳಲಿ?

ನೋಯಿತು. ತಂಡದ ಜೀವಾಳವಾಗಿದ್ದ ರೂಪಕಲಾ ಫೈನಲ್ಲಿನ ಹಿಂದಿನ ದಿನ ಕಾಲೆಳೆಯುತ್ತ ಬಂದಳು.

"ಯಾಕಮ್ಮ, ಏನಾಯ್ತು?"

"ಏನಿಲ್ಲ ಸಾರ್. ಬೂಟು ಹೊಸದು."

ತಿಪ್ಪೇಸ್ವಾಮಿ ಅವಳ ಬೂಟು ನೋಡಿದ, ಮಂಡಿ ನೋಡಿದ. ಆಮೇಲೆ ಚೀಲಕ್ಕೆ ಕೈಹಾಕಿ ನನ್ನನ್ನು ಎಳೆದ. ಬಂತು ನನ್ನ ಕಾಲ ಎಂದುಕೊಂಡೆ.

ಹುಡುಗಿ ಕೈಚಾಚಿದಳು. "ಕೊಡಿ ಸಾರ್, ಬಿಗಿಯಾಗಿ ಹಾಕ್ಕೊಂಡು ಆಡ್ತೀನಿ."

ಅವನು ಕೊಡಲಿಲ್ಲ. "ಏಳು ಊರಲ್ಲಿ ನಾನೂ ಬೂಟಿನ ನೆಪಾನೇ ಹೇಳಿದ್ದು ಕಣಮ್ಮ. ಇದು ಬಿಗಿಯಾಗಿ ಹಿಡಿದಷ್ಟೂ ನಾನು ಸುಳ್ಳು ಹೇಳಿದೆ. ಈಗ ಮೆಟ್ಟಿಲು ಇಳಿಯೋಕೂ ಗೋಡೆ ಹಿಡೀಬೇಕು. ನಾಳೆ ನೀನು ಆಡಲ್ಲ."

"ಸಾರ್, ಫೈನಲ್ಲು!"

"ಗೊತ್ತು."

ಎರಡು ಪಾಯಿಂಟಿನಿಂದ ಸೋತರು. ರೂಪಕಲಾ ಎಷ್ಟೋ ದಿನ ಅವನ ಮುಖ ನೋಡಲಿಲ್ಲ. ನಾನೂ ಮುನಿಸಿಕೊಂಡೇ ಚೀಲದಲ್ಲಿ ಬಿದ್ದಿದ್ದೆ. ಇಷ್ಟು ಕಾಲ ನಾನು ಮಾಡಿದ್ದು ಸೇವೆಯಲ್ಲವೇ?

ದಸರೆ ಬರುವ ಹೊತ್ತಿಗೆ ಮಂಡಿ ವಾಸಿಯಾಗಿ ಅವಳು ಓಡುತ್ತ ಬಂದಳು, ಸಲೀಸಾಗಿ. ಆಯುಧಪೂಜೆಯ ಹಿಂದಿನ ದಿನ ಚೀಲ ಬಿಚ್ಚಿ ನನ್ನನ್ನು ಒಗೆದಳು, ಪೂಜೆಯ ದಿನ ಸೀಟಿಯ ಪಕ್ಕ ಮಣೆಯ ಮೇಲಿಟ್ಟಳು.

"ಏಯ್, ಕಾಲಿಗೆ ಹಾಕಿದ್ದು ಅದು, ತೆಗಿ!"

"ಇರ್ಲಿ ಬಿಡಿ ಸಾರ್. ಒಗೆದಿದೀನಿ. ಈಗ ಅದು ಸುಳ್ಳೂ ಹೇಳಲ್ಲ."

ತಿಪ್ಪೇಸ್ವಾಮಿ ನಕ್ಕ. ಹೆಬ್ಬೆರಳಿನಿಂದ ನನಗೆ ಕುಂಕುಮ ಒತ್ತಿದ. ಸೀಟಿಗೆ ಇಡೀ ಹೂವು, ನನಗೆ ಒಂದೆಸಳು; ಅದನ್ನೂ ಗಮನಿಸಿದೆ.

ಈಗ ಮುದುಕನಾಗಿದ್ದೇನೆ, ರಬ್ಬರ್ ಸಡಿಲವಾಗಿದೆ. ಕಪಾಟಿನ ಮೇಲಿಂದ ಆಟದ ಅಂಗಳ ಕಾಣುತ್ತದೆ. ಸೀಟಿಯ ಮೇಲೆ ಈಗ ಸಿಟ್ಟಿಲ್ಲ. ಎಗರಿ, ಇಳಿದು, ಮತ್ತೆ ಎಗರುವ ರೂಪಕಲಾಳ ಬರಿಯ ಮಂಡಿಯನ್ನು ಕಂಡರೆ ಮಾತ್ರ ಹೊಟ್ಟೆಕಿಚ್ಚು. ಅದಕ್ಕೆ ನಾನು ಬೇಕಾಗಿಯೇ ಇಲ್ಲ. ಬೇಕಾಗದಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.