ಜಾಣಕಿವುಡು

ಸಂಸತ್ತಿನ ಸಭಾಧ್ಯಕ್ಷರ ಪೀಠದಲ್ಲಿ ಕೂತ ಮೊದಲ ಹೆಂಗಸು ನಮ್ಮಕ್ಕ. ಆ ಪೀಠದ ಮುಖ್ಯ ಕೆಲಸವೇ ಕೇಳಿಸಿಕೊಳ್ಳುವುದು. ಅಕ್ಕನಿಗೋ ಕಿವಿ ಮಂದವಾಗುತ್ತ ಬಂದಿತ್ತು. ಡಾಕ್ಟರನ್ನು ಬಿಟ್ಟರೆ ಅದು ಗೊತ್ತಿದ್ದದ್ದು ನನಗೊಬ್ಬಳಿಗೆ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದ ಹಾಗಿತ್ತು ನನ್ನ ಬಾಳು.

ಒಬ್ಬೊಬ್ಬರೇ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದಳು. ಕಷ್ಟವೆಲ್ಲ ಮಸೂದೆ ಮತಕ್ಕೆ ಬಂದಾಗ. ಒಪ್ಪುವವರು 'ಹೌದು' ಎಂದು, ಒಪ್ಪದವರು 'ಇಲ್ಲ' ಎಂದು ಕೂಗುತ್ತಾರೆ. ಯಾವ ಕೂಗು ದೊಡ್ಡದೆಂದು ಪೀಠ ಹೇಳಬೇಕು. ನೂರಾರು ಬಾಯಿ ಒಟ್ಟಿಗೆ ತೆರೆದರೆ ಅಕ್ಕನಿಗೆ ಬರೀ ಗುಂಯ್ ಎನ್ನುತ್ತಿತ್ತು. ಅದಕ್ಕೇ ನಾನು ದಿನಾ ಸಂದರ್ಶಕರ ಗ್ಯಾಲರಿಯ ಮುಂದಿನ ಸಾಲಿನಲ್ಲಿ ಕೂರುತ್ತಿದ್ದೆ. 'ಹೌದು' ಜೋರಾದರೆ ಕನ್ನಡಕ ಹಣೆಗೇರಿಸುತ್ತಿದ್ದೆ, 'ಇಲ್ಲ' ಜೋರಾದರೆ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದೆ. ಲೆಕ್ಕದಲ್ಲಿ ಮೂರು ಸಲ ಫೇಲಾದವಳು ಹೀಗೆ ದೇಶ ಆಳುತ್ತಿದ್ದೆ.

ಅವತ್ತು ಬಂದದ್ದು ಅಕ್ಕನ ಪಕ್ಷದ್ದೇ ಮಸೂದೆ. ಪೊಲೀಸರು ಯಾರ ಮನೆಗಾದರೂ ಹೇಳದೆ ಕೇಳದೆ ನುಗ್ಗಬಹುದು ಎನ್ನುವಂಥದ್ದು. ಗ್ಯಾಲರಿ ಕಿಕ್ಕಿರಿದಿತ್ತು. ತಡವಾಗಿ ಬಂದ ನನ್ನನ್ನು ಕಾವಲುಗಾರ ಕಂಬದ ಹಿಂದೆ ಕೂರಿಸಿದ. ಕತ್ತು ಎಷ್ಟು ಚಾಚಿದರೂ ಅಕ್ಕನ ಅರ್ಧ ಮುಖವಷ್ಟೇ ಕಾಣುತ್ತಿತ್ತು.

'ಹೌದು' ಎಂಬ ಕೂಗಿಗೆ ಸೂರು ಹಾರಿಹೋಗುವಂತಿತ್ತು. ಮೇಜು ಬೇರೆ ಗುದ್ದಿದರು. 'ಇಲ್ಲ' ಅದರ ಮುಂದೆ ಸಣ್ಣದು. ನಾನು ಕನ್ನಡಕ ಏರಿಸಿ ಎದ್ದೆ, ಕಾವಲುಗಾರ ಹೆಗಲು ಒತ್ತಿ ಕೂರಿಸಿದ. ಅಕ್ಕನ ಕಣ್ಣು ಮುಂದಿನ ಸಾಲನ್ನೆಲ್ಲ ಹುಡುಕಿತು. ಅವಳು ಒಂದು ಮಾತು ತಪ್ಪಾಗಿ ಹೇಳಿದರೆ ಗುಟ್ಟು ರಟ್ಟಾಗುತ್ತದೆ, ಮುಗಿಯಿತು ಎಂದುಕೊಂಡೆ.

"ಕೂಗಿದ್ದು ಸಾಕು," ಎಂದಳು ಅಕ್ಕ. "'ಹೌದು' ಅನ್ನುವವರು ಮೊದಲು ಎದ್ದು ನಿಲ್ಲಿ, 'ಇಲ್ಲ' ಅನ್ನುವವರು ಆಮೇಲೆ. ತಲೆ ಎಣಿಸೋಣ."

ಎಣಿಸಿದಾಗ ನೋಡಿದರೆ, ಮಸೂದೆ ಬೇಡದ ಅವಳ ಪಕ್ಷದವರೇ ಎಷ್ಟೋ ಜನ ಅವತ್ತು ಬಂದೇ ಇರಲಿಲ್ಲ. ಬಂದವರು ಅವರ ಪಾಲಿನದ್ದನ್ನೂ ಸೇರಿಸಿ ಕೂಗಿದ್ದರು. ಮಸೂದೆ ಬಿದ್ದುಹೋಯಿತು.

ಸಂಜೆ ಪಕ್ಷದ ಅಧ್ಯಕ್ಷರು ಮನೆಗೆ ಬಂದರು. ಕೊಟ್ಟ ಚಹಾ ಮುಟ್ಟಲಿಲ್ಲ.

"ಆ ಕೂಗು ಬೀದಿಯವರೆಗೂ ಕೇಳಿಸ್ತು. ನಿಮಗೆ ಮಾತ್ರ ಜಾಣಕಿವುಡು. ಉಂಡ ಮನೆಗೆ ಎರಡು ಬಗೆದ್ರಿ. ನಾಳೆ ರಾಜೀನಾಮೆ ಕೊಡಿ."

ನಾನು ತಡೆಯಲಾರದೆ ಬಾಯಿ ತೆರೆದೆ. ಮೇಜಿನ ಕೆಳಗೆ ಅಕ್ಕ ನನ್ನ ಕಾಲು ತುಳಿದಳು. ಆಗಲಿ, ಕೊಡುತ್ತೇನೆ ಎಂದು ಅವರನ್ನು ಬಾಗಿಲವರೆಗೂ ಬೀಳ್ಕೊಟ್ಟು ಬಂದಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ದ್ರೋಹಿ ಅನ್ನಿಸಿಕೊಳ್ಳುವುದಾದರೂ ತಪ್ಪುತ್ತಿತ್ತಲ್ಲ ಎಂದು ಅವಳ ಮೇಲೆ ಹರಿಹಾಯ್ದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

"ದ್ರೋಹಿ ಅಂದ್ರೆ ನಾನೊಬ್ಬಳು ಹೋಗ್ತೀನಿ. ಕಿವುಡಿ ಅಂತ ಗೊತ್ತಾದ್ರೆ, ಹೆಂಗಸರನ್ನ ಕೂರಿಸಿದ್ರೆ ಇದೇ ಗತಿ ಅಂತಾರೆ. ಆಮೇಲೆ ಇನ್ನೊಬ್ಬಳನ್ನ ಆ ಪೀಠದ ಹತ್ತಿರಕ್ಕೂ ಬಿಡಲ್ಲ." ಆಮೇಲೆ ಆರಿದ ಚಹಾವನ್ನು ತಾನೇ ಕುಡಿಯುತ್ತ ನಕ್ಕಳು. "ಅಲ್ಲದೆ ಇಷ್ಟು ವರ್ಷ ದುಡಿದ ಮೇಲೆ ಇವತ್ತೇ ಕಣೇ, ಆ ಬಾಯಲ್ಲಿ ಜಾಣೆ ಅನ್ನಿಸ್ಕೊಂಡಿದ್ದು."

ನನಗೆ ಅಳು ಬಂತು. ಕಾಣಬಾರದೆಂದು ಲೋಟ ತೊಳೆಯುವ ನೆಪದಲ್ಲಿ ಅತ್ತ ತಿರುಗಿಕೊಂಡೆ. "ನೀನು ನಿಜವಾಗ್ಲೂ ಜಾಣೆ ಕಣಕ್ಕಾ," ಎಂದೆ.

ಅವಳಿಗೆ ಕೇಳಿಸಲಿಲ್ಲ.