ಕವಿಗೆ ಹೊದಿಸಿದ ಬಟ್ಟೆ

ಬೆಳಿಗ್ಗೆ ಗಂಜಿ ಕುಡಿದು ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಉಚ್ಚಂಗಮ್ಮ ಒಂದು ಹನಿ ನೀರು ಕುಡಿಯುತ್ತಿರಲಿಲ್ಲ. ಉಪವಾಸವಲ್ಲ, ಹರಕೆಯೂ ಅಲ್ಲ. ಕುಡಿದ ನೀರು ಹೊರಗೆ ಬರುತ್ತದೆ, ಬಂದರೆ ಹೋಗಲು ಜಾಗವಿಲ್ಲ. ಅಷ್ಟೇ.

ನಾವು ಊರ ನಡುವಿನ ಹಳೇ ಪಾರ್ಕಿನಲ್ಲಿ ಗುತ್ತಿಗೆ ಕೆಲಸದ ಹೆಂಗಸರು. ಕಳೆ ಕೀಳುವುದು, ಕಸ ಗುಡಿಸುವುದು, ಗಿಡಕ್ಕೆ ನೀರು ಬಿಡುವುದು ನಮ್ಮ ಕೆಲಸ. ನಾನು ದಾಕ್ಷಾಯಣಿ, ಮಲವಗೊಪ್ಪದವಳು. ಎಸ್ಸೆಸ್ಸೆಲ್ಸಿ ಫೇಲು, ಆದರೆ ಓದಲು ಬರುತ್ತದೆ. ಉಚ್ಚಂಗಮ್ಮ ಭದ್ರಾವತಿಯವಳು. ಗಂಡನ ಕಾರ್ಖಾನೆ ಕೆಲಸ ನಿಂತ ಮೇಲೆ ಅವನು ಜಗಲಿಯಲ್ಲಿ ಕೂತ, ಇವಳು ಮೊದಲ ಬಸ್ಸು ಹತ್ತಿದಳು.

ಮೊದಲು ಪಾರ್ಕಿನ ಹಿಂದಿನ ಮೂಲೆಯಲ್ಲಿ ಬಿದಿರು ಮೆಳೆ ಇತ್ತು. ನಮ್ಮ ಕಷ್ಟವೆಲ್ಲ ಅಲ್ಲೇ ತೀರುತ್ತಿತ್ತು. ಹಾವಿನ ಭಯವಿತ್ತು, ಆದರೆ ಹಾವು ಇಣುಕಿ ನೋಡುವುದಿಲ್ಲ. ಆಮೇಲೆ ಕವಿಯ ಪ್ರತಿಮೆ ಬಂತು. ಅದು ನಾಲ್ಕೂ ಕಡೆಯಿಂದ ಕಾಣಬೇಕೆಂದು ಮೆಳೆ ಕಡಿಸಿದರು. ಕಡಿದವರೂ ನಾವೇ.

"ಇದನ್ನ ಕಡಿದ್ರೆ ನಾವ್ ಎಲ್ಲಿಗ್ ಹೋಗೋದು?" ದುರ್ಗಮ್ಮ ಕೇಳಿದಳು. ಅವಳು ನಮ್ಮೆಲ್ಲರಿಗಿಂತ ಹಿರಿಯಳು.

ಕಂಟ್ರಾಕ್ಟರ್ ಶಿವಯೋಗಪ್ಪ ಬೆಣ್ಣೆ ಮಾತಿನವನು. "ನಿಮ್ಗೂ ಸೇರ್ಸೇ ಪ್ಲಾನ್ ಆಗಿದೆ ಮಾರಾಯ್ತಿ. ಟೈಲ್ಸ್ ಹಾಕಿದ್ ಟಾಯ್ಲೆಟ್ ಬರುತ್ತೆ."

ಬಂತು. ಪ್ರತಿಮೆಯ ಹಿಂದೆಯೇ, ಬಿಳಿ ಟೈಲ್ಸಿನದು. ಇಟ್ಟಿಗೆ, ಟೈಲ್ಸು ಹೊತ್ತವರು ನಾವು. ಕೆಲಸ ಮುಗಿದ ದಿನ ಶಿವಯೋಗಪ್ಪ ಕವಿಗೆ ಬಟ್ಟೆ ಸುತ್ತಿಸಿದ, ಟಾಯ್ಲೆಟ್ಟಿಗೆ ಬೀಗ ಜಡಿದ. ಎರಡೂ ಒಂದೇ ದಿನ ಮಂತ್ರಿಗಳ ಕೈಯಿಂದ ಉದ್ಘಾಟನೆ ಆಗಬೇಕಂತೆ.

ಮಂತ್ರಿ ಬರಲಿಲ್ಲ. ಮೊದಲು ಚುನಾವಣೆ ಬಂತು, ನೀತಿಸಂಹಿತೆ ಎಂದರು. ಚುನಾವಣೆ ಮುಗಿದ ಮೇಲೆ ಮಂತ್ರಿ ಯಾರೆಂದೇ ಗೊತ್ತಿರಲಿಲ್ಲ. ಗೊತ್ತಾದಾಗ ಅವರಿಗೆ ಪುರುಸೊತ್ತಿರಲಿಲ್ಲ. ಪುರುಸೊತ್ತಾದಾಗ ಧನುರ್ಮಾಸ. ಮಳೆಗೆ ಕೊಳೆತಿದ್ದ ಬಟ್ಟೆ ತೆಗೆದು ಕವಿಗೆ ಹೊಸ ರೇಷ್ಮೆ ಸುತ್ತಿದರು. ನಮಗೆ ಕೊಡುತ್ತೇವೆಂದಿದ್ದ ಯೂನಿಫಾರಂ ಸೀರೆ ಮಾತ್ರ ಬರಲಿಲ್ಲ.

ಉಚ್ಚಂಗಮ್ಮನಿಗೆ ಕವಿಯದೇ ಚಿಂತೆ. "ಮುಖ ಮುಚ್ಚೋದು ಹೆಣಕ್ಕೆ ಕಣೇ. ಪಾಪ, ಎಷ್ಟ್ ದಿನ ಅಂತ ಹಿಂಗೆ ನಿಲ್ಲಿಸ್ತಾರೆ?"

"ಅವ್ರು ತೀರ್ಕೊಂಡು ಮೂವತ್ತು ವರ್ಷ ಆಯ್ತಂತೆ" ಎಂದೆ.

"ಹಂಗಾದ್ರೆ ಸರಿ" ಎಂದಳು.

ಪೀಠದ ಕಲ್ಲನ್ನು ನಾನೇ ಎಲ್ಲರಿಗೂ ಓದಿ ಹೇಳಿದ್ದೆ. 'ದನಿಯಿಲ್ಲದವರ ದನಿಯಾದವರು' ಎಂದು ಕೆತ್ತಿತ್ತು. "ಬೀಗದ್ ವಿಷ್ಯ ನಮ್ ಪರವಾಗಿ ಒಂದ್ ಮಾತು ಹೇಳೋಕ್ ಹೇಳು" ಎಂದಳು ದುರ್ಗಮ್ಮ.

ಹೊರಗೆ ಹೋಗೋಣವೆಂದರೆ, ಗಾಂಧಿ ಬಜಾರಿನ ಹೋಟೆಲಿನವರು ಕೈಯಲ್ಲಿನ ಪೊರಕೆ ನೋಡಿ ಬಾಗಿಲಲ್ಲೇ ತಡೆಯುತ್ತಿದ್ದರು. ಬಸ್‌ಸ್ಟ್ಯಾಂಡಿಗೆ ಹೋಗಿ ಬಂದರೆ ಶಿವಯೋಗಪ್ಪ ಅರ್ಧ ದಿನದ ಕೂಲಿ ಹಿಡಿಯುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಉಚ್ಚಂಗಮ್ಮನಿಗೆ ಚಳಿಜ್ವರ, ಉರಿಮೂತ್ರ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. "ನೀರು ಜಾಸ್ತಿ ಕುಡೀಬೇಕು. ಬಂದಾಗ ತಡೀಬಾರ್ದು. ಹೀಗೇ ಬಿಟ್ರೆ ಕಿಡ್ನಿಗೆ ಹೋಗುತ್ತೆ."

ಮರುದಿನ ಉಚ್ಚಂಗಮ್ಮ ಶಿವಯೋಗಪ್ಪನ ಮುಂದೆ ನಿಂತಳು. "ಬೀಗದ್ ಕೈ ಕೊಡಿ. ಕಿಡ್ನಿಗೆ ಹೋಗುತ್ತಂತೆ."

"ಉದ್ಘಾಟನೆ ಆಗ್ದೆ ಹೆಂಗ್ ಕೊಡ್ಲಿ? ಮಂತ್ರಿಗಳಿಗಿಂತ ಮುಂಚೆ ನೀನ್ ಹೋಗ್ತೀಯಾ?"

"ಮಂತ್ರಿಗಳು ಅಲ್ಲಿಗ್ ಹೋಗಕ್ಕೇ ಬರ್ತಿದಾರಾ?"

"ನಾಲಿಗೆ ಉದ್ದ ಆಯ್ತು ನಿಂದು. ಬರ್ಬೇಡ ಅಂದ್ರೆ ಏನ್ ಮಾಡ್ತೀಯ?"

ಅವಳು ಹೋಗಿ ಕಳೆ ಕೀಳಲು ಕೂತಳು. ನಮಗೆ ಹೊಟ್ಟೆ ಉರಿಯಿತು. ಆದರೆ ಹೊಟ್ಟೆಪಾಡೂ ಇತ್ತಲ್ಲ, ನಾವೂ ಅವಳ ಪಕ್ಕ ಹೋಗಿ ಕೂತೆವು.

ಅಂತೂ ಉದ್ಘಾಟನೆಯ ದಿನ ಗೊತ್ತಾಯಿತು. ದಾರ ಎಳೆದ ಕೂಡಲೇ ಕವಿಯ ಮೇಲಿನ ರೇಷ್ಮೆ ಜಾರಿ ಬೀಳುವಂತೆ ಗಂಟು ಹಾಕಬೇಕಿತ್ತು. ದುರ್ಗಮ್ಮ ಹಾಕಿಕೊಟ್ಟಳು.

ಆ ಬೆಳಿಗ್ಗೆ ಬೇಗ ಬಂದು ಗುಡಿಸಿ ರಂಗೋಲಿ ಬಿಟ್ಟೆವು. ಪೂರ್ಣಕುಂಭ ಹಿಡಿಯಲು ಒಪ್ಪಿಕೊಂಡಿದ್ದ ದೊಡ್ಡ ಮನೆಯ ಹೆಂಗಸರು ಬರಲಿಲ್ಲ. ಶಿವಯೋಗಪ್ಪ ನಮಗೇ ಬಾಡಿಗೆ ಸೀರೆ ಉಡಿಸಿ, ನೀರು ತುಂಬಿದ ಕಲಶ ಕೊಟ್ಟು ಗೇಟಿನ ಬಳಿ ನಿಲ್ಲಿಸಿದ. ಉಚ್ಚಂಗಮ್ಮ ಮಾತ್ರೆಗೆಂದು ನೀರು ಕುಡಿದಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಮುಖ ಬಿಳಿಚಿಕೊಂಡಿತು.

"ಆಗ್ತಿಲ್ಲ ಕಣೇ" ಎಂದಳು ನನ್ನ ಕಿವಿಯಲ್ಲಿ.

ಶಿವಯೋಗಪ್ಪನಿಗೆ ಹೇಳಿದೆ. "ಅರ್ಧ ಗಂಟೆ ತಡ್ಕೊಳ್ಳೋಕ್ ಹೇಳು. ಮಂತ್ರಿಗಳು ಗಾಜನೂರು ದಾಟಿದಾರಂತೆ. ಅವ್ರು ಟೇಪ್ ಕತ್ತರಿಸ್ಲಿ, ಆಮೇಲೆ ಮೊದ್ಲು ಅವಳನ್ನೇ ಬಿಡ್ತೀನಿ" ಎಂದ.

ಉಚ್ಚಂಗಮ್ಮನ ಕಣ್ಣಲ್ಲಿ ನೀರು ಬಂತು. ದುರ್ಗಮ್ಮ ಅದನ್ನು ನೋಡಿದಳು. ಕಲಶ ಕೆಳಗಿಟ್ಟು, ನೇರ ಪ್ರತಿಮೆಯ ಹತ್ತಿರ ಹೋಗಿ ದಾರ ಎಳೆದಳು. ಬಟ್ಟೆ ಜಾರಿ ಬಿತ್ತು. ಅವಳ ಗಂಟು ಚೆನ್ನಾಗಿತ್ತು.

ಹೊಳೆಯಲ್ಲಿ ಮೀಯುವಾಗ ಒಬ್ಬರಿಗೊಬ್ಬರು ಸೀರೆ ಮರೆ ಹಿಡಿಯುವುದು ನಮಗೆ ಹೊಸದಲ್ಲ. ಕಾಂಪೌಂಡಿನ ಮೂಲೆಯಲ್ಲಿ ಉಚ್ಚಂಗಮ್ಮನನ್ನು ಕೂರಿಸಿ, ಕವಿಯ ರೇಷ್ಮೆಯನ್ನು ಸುತ್ತ ಹಿಡಿದು, ಅವಳಿಗೆ ಬೆನ್ನು ಮಾಡಿ ನಿಂತೆವು. ಎಷ್ಟೋ ತಿಂಗಳ ಮೇಲೆ ಕವಿಯ ಮುಖ ಮತ್ತೆ ಕಂಡಿತು. ಶಾಲು, ದಪ್ಪ ಕನ್ನಡಕ. ಅವರು ಬೇರೆ ಕಡೆ ನೋಡುತ್ತಿದ್ದರು. ಒಳ್ಳೆಯವರು.

ಶಿವಯೋಗಪ್ಪ ಪಂಚೆ ಎತ್ತಿಕೊಂಡು ಓಡಿ ಬಂದ. "ಅಯ್ಯೋ ಮನೆಹಾಳ್ರಾ! ಬಟ್ಟೆ ಕೊಡ್ರೇ! ಸೈರನ್ ಕೇಳ್ತಿದೆ!"

"ಬೀಗದ್ ಕೈ ಕೊಡಿ" ಎಂದಳು ದುರ್ಗಮ್ಮ.

"ನಾಳೆಯಿಂದ ಒಬ್ಳಿಗೂ ಕೆಲ್ಸ ಇಲ್ಲ!"

"ನಾಳೆ ಮಾತು ನಾಳೆಗಾಯ್ತು. ಈಗ ಮಂತ್ರಿಗಳು ಬಂದು ಏನನ್ನ ಎಳೀತಾರೆ?" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು.

ಅವನು ಬಟ್ಟೆಯ ತುದಿಗೆ ಕೈ ಹಾಕಿದ. ನಾವು ಯಾರೂ ಬಿಡಲಿಲ್ಲ. ಎಳೆದರೆ ಹರಿಯುತ್ತದೆ, ಅದು ಅವನಿಗೂ ಗೊತ್ತು. ಸೈರನ್ ಹತ್ತಿರವಾಯಿತು. ಜೇಬಿನಿಂದ ಕೀ ತೆಗೆದು ನೆಲಕ್ಕೆ ಎಸೆದ.

"ಎಸೀಬೇಡಿ. ಕೈಗೆ ಕೊಡಿ" ಎಂದಳು ಉಚ್ಚಂಗಮ್ಮ, ಮರೆಯೊಳಗಿಂದಲೇ.

ಅವನು ಬಗ್ಗಿ, ಎತ್ತಿ ಕೊಟ್ಟ.

ಕವಿಯ ಮೇಲೆ ಮತ್ತೆ ಬಟ್ಟೆ ಏರಿತು. ದುರ್ಗಮ್ಮ ಅದೇ ಗಂಟು ಹಾಕಿದಳು. ಗೇಟಿಗೆ ಬಂದು ಕಲಶ ಎತ್ತಿಕೊಂಡೆವು. ಉಚ್ಚಂಗಮ್ಮ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕಲಶದ ಮೇಲಿನ ತೆಂಗಿನಕಾಯಿ, ಮಾವಿನೆಲೆ ತೆಗೆದು ಪಕ್ಕಕ್ಕಿಟ್ಟು, ತಲೆ ಎತ್ತಿ ಗಟಗಟ ನೀರು ಕುಡಿದಳು.

"ಏಯ್! ಪೂರ್ಣಕುಂಭ ಕಣೇ ಅದು!" ಶಿವಯೋಗಪ್ಪ ಹಲ್ಲು ಕಚ್ಚಿದ.

"ಡಾಕ್ಟ್ರು ಹೇಳಿದಾರೆ" ಎಂದಳು.

ದುರ್ಗಮ್ಮ ತನ್ನ ಕಲಶ ಎತ್ತಿದಳು. ನಾನೂ ಎತ್ತಿದೆ. ಎಲ್ಲರಿಗೂ ತಿಂಗಳುಗಟ್ಟಲೆಯ ಬಾಯಾರಿಕೆ.

ಮಂತ್ರಿಗಳ ಕಾರು ಬಂದು ನಿಂತಾಗ, ಖಾಲಿ ಕಲಶಗಳ ಮೇಲೆ ತೆಂಗಿನಕಾಯಿ ಇಟ್ಟು, ಸಾಲಾಗಿ ನಿಂತು ಸ್ವಾಗತಿಸಿದೆವು.